ಗಾಜಿನ ಕಪಾಟಿನ ಎರಡನೇ ಹಲಗೆ

ಪ್ರತಿ ತಿಂಗಳ ಮೊದಲ ಶನಿವಾರ ಬೇಸ್‌ಬಾಲ್ ಆಟಗಾರರ ಚಿತ್ರದ ಕಾರ್ಡು ಮಾರುವ ಪ್ರಾಸರನ ಅಂಗಡಿ ಮಧ್ಯಾಹ್ನದವರೆಗೆ ತೆರೆಯುತ್ತಿರಲಿಲ್ಲ. ಒಳಗಿನಿಂದ ಚಿಲಕ ಹಾಕಿಕೊಂಡು, ಟೆಕ್ಸಸ್‌ನಿಂದ ಬಂದ ಹೊಸ ಬೆಲೆಪತ್ರಿಕೆಯನ್ನು ಗಲ್ಲಾದ ಮೇಲೆ ಹರಡಿಕೊಂಡು, ಎಮ್ರಿಸ್ ಪ್ರಾಸರ್ ಬೇಸ್‌ಬಾಲ್ ಆಟಗಾರರನ್ನು ಹತ್ತಿಸುವ, ಇಳಿಸುವ ಕೆಲಸ ಮಾಡುತ್ತಿದ್ದ. ಇಪ್ಪತ್ತು ಡಾಲರ್ ದಾಟಿದ ಕಾರ್ಡು ಗಾಜಿನ ಕಪಾಟಿನ ಮೇಲಿನ ಹಲಗೆಗೆ. ಐದರಿಂದ ಇಪ್ಪತ್ತರ ನಡುವಿನದು ಎರಡನೇ ಹಲಗೆಗೆ. ಒಂದು ಡಾಲರ್ ಮೇಲಿನದು ಗಲ್ಲಾದ ಪಕ್ಕದ ಮರದ ಡಬ್ಬಕ್ಕೆ. ಉಳಿದ ಸಾವಿರಾರು ಮುಖಗಳು ಹಿಂದಿನ ಗೋಡೆಯ ಉದ್ದನೆಯ ರಟ್ಟಿನ ಪೆಟ್ಟಿಗೆಗಳಲ್ಲಿ ವರ್ಷದ ಪ್ರಕಾರ, ನಂಬರಿನ ಪ್ರಕಾರ ನಿಂತಿರುತ್ತಿದ್ದವು. ಅಲ್ಲಿ ಯಾವುದನ್ನು ಎತ್ತಿದರೂ ಹತ್ತು ಸೆಂಟು.

ಶಿಫಾರಸು ನಡೆಯುತ್ತಿರಲಿಲ್ಲ. ಒಮ್ಮೆ ಪೋಲಿಷ್ ಚರ್ಚಿನ ಪಾದ್ರಿಗಳು ಬಂದು, ತಾವು ಚಿಕ್ಕಂದಿನಲ್ಲಿ ಮೆಚ್ಚಿದ ಆಟಗಾರನೊಬ್ಬ ಹತ್ತು ಸೆಂಟಿನ ಪೆಟ್ಟಿಗೆಯಲ್ಲಿ ಬಿದ್ದಿದ್ದಾನೆ, ದೈವಭಕ್ತ, ಅವನನ್ನು ಸ್ವಲ್ಪ ಮೇಲೆ ಕೂರಿಸಬಾರದೇ ಎಂದು ಕೇಳಿದ್ದರು. "ಫಾದರ್, ನಿಮ್ಮ ಚರ್ಚಲ್ಲಿ ಯಾರು ಸಂತ, ಯಾರಲ್ಲ ಅಂತ ನಾನು ಬಂದು ಹೇಳ್ತೀನಾ?" ಎಂದಿದ್ದ ಪ್ರಾಸರ್. ಡ್ರೆಸ್ ಕಾರ್ಖಾನೆಯಲ್ಲಿ ಆಯುಷ್ಯವಿಡೀ ಬಟ್ಟೆ ಕತ್ತರಿಸಿದವನು. ಎಳೆದ ಗೆರೆ ಬಿಟ್ಟು ಕತ್ತರಿ ಆಡಿಸುವುದು ಅವನ ಕೈಗೆ ಬರುತ್ತಿರಲಿಲ್ಲ.

ಸಾವಿರದ ಒಂಬೈನೂರ ತೊಂಬತ್ತರ ವಸಂತದವರೆಗೆ ಲಿಯೋನಾ ಸೊಬೋಲ್ ಆ ಅಂಗಡಿಯ ಮೆಟ್ಟಿಲು ಹತ್ತಿದವಳಲ್ಲ. ಶಾಲೆಯ ಅಡುಗೆಮನೆಯಲ್ಲಿ ಮಕ್ಕಳ ತಟ್ಟೆಗೆ ಆಲೂಗಡ್ಡೆ ಬಡಿಸುವುದು ಅವಳ ಕೆಲಸ. ಗಂಡ ತೀರಿಕೊಂಡಿದ್ದ. ಇದ್ದ ಒಬ್ಬ ಮಗ ವೇನ್ ಹದಿನೆಂಟಕ್ಕೇ ಊರು ಬಿಟ್ಟು, ಹೆಸರು ಕೇಳದ ಊರುಗಳ ಚಿಕ್ಕ ಲೀಗುಗಳಲ್ಲಿ ಚೆಂಡೆಸೆಯುತ್ತ ಬಸ್ಸಿನಲ್ಲಿ ಮಲಗಿ ಏಳುತ್ತಿದ್ದ. ಆ ಏಪ್ರಿಲ್‌ನಲ್ಲಿ ದೂರದ ಪಶ್ಚಿಮದ ತಂಡವೊಂದು ಅವನನ್ನು ದೊಡ್ಡ ಲೀಗಿಗೆ ಕರೆಸಿಕೊಂಡಿತು. ಮೊದಲ ಮೂರು ಪಂದ್ಯ ಗೆದ್ದುಕೊಟ್ಟ. ಲ್ಯಾಕವಾನಾ ಕಣಿವೆಯ ಅಷ್ಟೂ ಊರುಗಳಲ್ಲಿ, ಕಲ್ಲಿದ್ದಲ ಗಣಿ ಮುಚ್ಚಿದ ಮೇಲೆ, ಯಾರೂ ಇಷ್ಟು ಜೋರಾಗಿ ಕೂಗಿರಲಿಲ್ಲ.

ವೇನ್‌ನ ಕಾರ್ಡು ಒಂದೇ ಒಂದು ಇತ್ತು. ಹೊಸದಾಗಿ ಶುರುವಾದ ಸಣ್ಣ ಕಂಪನಿಯೊಂದು ಆ ವರ್ಷ ಮುದ್ರಿಸಿದ ಸೆಟ್ಟಿನಲ್ಲಿ, ನಂಬರ್ ಮುನ್ನೂರ ತೊಂಬತ್ತೆರಡು. ಕಂಪನಿ ಚಿಕ್ಕದು, ಅಚ್ಚು ಹಾಕಿದ್ದೂ ಕಡಿಮೆ. ಒಳಗೆ ಯಾರಿದ್ದಾರೆಂದು ಒಡೆಯದೆ ತಿಳಿಯದ ಪೊಟ್ಟಣಗಳು, ಕಣಿವೆಗೆ ಬಂದದ್ದು ಕೆಲವೇ ಡಬ್ಬ. ಕಾರ್ಡಿನಲ್ಲಿ ಅವನು ಕೈಗವಸನ್ನು ಎದೆಗೆ ಒತ್ತಿಕೊಂಡು, ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಯಾರೋ ಸಾಲ ವಾಪಸ್ ಕೇಳಿದಂತೆ ನಿಂತಿದ್ದ.

"ಮಿಸೆಸ್ ಸೊಬೋಲ್, ನಿಮ್ಮ ವೇನ್ ಗಾಜಿನ ಕಪಾಟಿಗೆ ಬಂದ!" ಎಂದು ಊಟದ ಸಾಲಿನಲ್ಲಿ ಮಕ್ಕಳು ಕೂಗಿದ ದಿನ ಅವಳು ಒಂದೊಂದು ತಟ್ಟೆಗೂ ಎರಡು ಸೌಟು ಬಡಿಸಿದಳು. ಆ ಶನಿವಾರ ಚರ್ಚಿಗೆ ಹಾಕುವ ನೀಲಿ ಕೋಟು ಹಾಕಿಕೊಂಡು, ನಾದಿನಿ ಡಾಟ್‌ಳನ್ನು ಜೊತೆ ಮಾಡಿಕೊಂಡು ಪ್ರಾಸರನ ಅಂಗಡಿಗೆ ಹೋದಳು.

ಎರಡನೇ ಹಲಗೆಯ ಬಲತುದಿಯಲ್ಲಿ, ಗಟ್ಟಿ ಪ್ಲಾಸ್ಟಿಕ್ ಕವಚದಲ್ಲಿ ವೇನ್ ನಿಂತಿದ್ದ. ಪಕ್ಕದಲ್ಲಿ ಬಿಳಿ ಚೀಟಿ: ಆರು ಡಾಲರ್.

"ಆರೇ?" ಎಂದಳು ಡಾಟ್. "ಇವನ ಹೆರಿಗೆ ಆಸ್ಪತ್ರೆ ಬಿಲ್ಲೇ ಅದಕ್ಕಿಂತ ಜಾಸ್ತಿ ಆಗಿತ್ತಲ್ಲೇ."

"ಸುಮ್ನಿರೇ," ಎಂದಳು ಲಿಯೋನಾ. ಮೂಗು ಗಾಜಿಗೆ ತಾಕುವಷ್ಟು ಬಾಗಿದ್ದಳು. "ಮೇಲಿನ ಹಲಗೇಲಿರೋನು ಯಾರು?"

"ಡೆಲ್ ಮಾರ್ಷ್‌ಬ್ಯಾಂಕ್," ಎಂದ ಪ್ರಾಸರ್. "ಚೆಂಡು ಹೊಡೆಯೋನು. ನಲವತ್ತು ಡಾಲರ್."

"ಬರೀ ಒಂದು ಹಲಗೆ ಮೇಲಿದ್ದಾನೆ."

"ಒಂದು ಹಲಗೆ ಅಂದ್ರೆ ಕಮ್ಮಿ ಅಲ್ಲ ಮಿಸೆಸ್ ಸೊಬೋಲ್."

"ನಾನೇನು ಕಮ್ಮಿ ಅಂದೆನಾ?" ಎಂದಳು. ಗಾಜಿನ ಮೇಲೆ ಉಸಿರಿನ ಮಬ್ಬು ಕೂತಿತ್ತು. ಕೋಟಿನ ತೋಳಿನಿಂದ ಅದನ್ನು ಒರೆಸಿ ಮತ್ತೆ ನೋಡಿದಳು.

ಅಲ್ಲಿಂದ ಮುಂದೆ ಅದು ರೂಢಿಯಾಯಿತು. ಶನಿವಾರ ಶನಿವಾರ ನೀಲಿ ಕೋಟು, ಪ್ರಾಸರನ ಅಂಗಡಿ, ಎರಡನೇ ಹಲಗೆ. ಬೇರೆಯವರು ಪತ್ರಿಕೆಯಲ್ಲಿ ಪಂದ್ಯದ ಫಲಿತಾಂಶ ಓದಿ ವೇನ್ ಹೇಗಿದ್ದಾನೆಂದು ತಿಳಿದುಕೊಳ್ಳುತ್ತಿದ್ದರು. ಲಿಯೋನಾಗೆ ಆ ಅಂಕಿಗಳು ತಲೆಗೆ ಹತ್ತುತ್ತಿರಲಿಲ್ಲ. ಮಗ ಎಲ್ಲಿದ್ದಾನೆ ಎನ್ನುವುದು ಅವಳಿಗೆ ಹಲಗೆಯಿಂದ ತಿಳಿಯುತ್ತಿತ್ತು. ಅಲ್ಲಿದ್ದರೆ ಚೆನ್ನಾಗಿದ್ದಾನೆ.

ಜುಲೈನಲ್ಲಿ ಅವನು ಹೊಡೆಸಿಕೊಳ್ಳತೊಡಗಿದ. ಎಸೆದ ಚೆಂಡೆಲ್ಲ ಬೇಲಿಯಾಚೆ. ಆಗಸ್ಟಿನ ಬೆಲೆಪತ್ರಿಕೆಯಲ್ಲಿ ಅವನ ಹೆಸರಿನ ಮುಂದೆ ಕೆಳಮುಖದ ಬಾಣ ಬಂತು. ಆ ಶನಿವಾರ ಲಿಯೋನಾ ಹೋದಾಗ ಎರಡನೇ ಹಲಗೆಯ ಬಲತುದಿಯಲ್ಲಿ ಬೇರೆ ಯಾವನೋ ಹಲ್ಲು ಕಿರಿಯುತ್ತಿದ್ದ.

"ನನ್ನ ಮಗ ಎಲ್ಲಿ?"

ಪ್ರಾಸರ್ ಗಲ್ಲಾದ ಪಕ್ಕದ ಮರದ ಡಬ್ಬದ ಕಡೆ ಕೈ ತೋರಿಸಿದ. ಅಲ್ಲಿ ವೇನ್‌ನ ಐದು ಪ್ರತಿಗಳು ಒಂದರ ಬೆನ್ನಿಗೊಂದು ನಿಂತಿದ್ದವು. ಒಂದಕ್ಕೆ ಒಂದೂವರೆ ಡಾಲರ್.

"ಇಷ್ಟು ಜನ ಇದ್ದಾರಾ ಇವನು?"

"ಕಪಾಟಿಗೆ ಒಂದೇ ಇಡ್ತೀನಿ. ಉಳಿದದ್ದು ಒಳಗಿರುತ್ತೆ."

ಲಿಯೋನಾ ಸ್ವಲ್ಪ ಹೊತ್ತು ಡಬ್ಬ ನೋಡಿದಳು. ಬೆಲೆಯ ವಿಷಯದಲ್ಲಿ ಅವಳಿಗೆ ಗೊತ್ತಿದ್ದದ್ದು ಒಂದೇ. ಚರ್ಚಿನ ಜಾತ್ರೆಯಲ್ಲಿ ಪಿರೋಗಿ ಕಡುಬು ಖಾಲಿಯಾಗುತ್ತ ಬಂದಾಗ ಕೊನೆಯ ತಟ್ಟೆಗೆ ಜಗಳ ಬೀಳುತ್ತದೆ, ಬೆಲೆ ಏರುತ್ತದೆ. "ಎಲ್ಲಾ ಕೊಡಿ," ಎಂದಳು.

"ಐದೂ?"

"ಒಳಗೆ ಇನ್ನೂ ಇದ್ರೆ ಅವೂ."

ಪ್ರಾಸರ್ ಹುಬ್ಬೇರಿಸಿದ. ಆದರೆ ಗಿರಾಕಿ ಏನು ಕೊಳ್ಳುತ್ತಾರೆ ಎನ್ನುವುದು ಅವನ ಬಾಯಿಂದ ಹೊರಗೆ ಬರುತ್ತಿರಲಿಲ್ಲ. ಅದೂ ಅವನ ಗೆರೆಗಳಲ್ಲಿ ಒಂದು.

ಆ ಬೇಸಿಗೆ ಮುಗಿಯುವುದರೊಳಗೆ ಲಿಯೋನಾ ಮತ್ತು ಡಾಟ್ ಬಸ್ಸು ಹಿಡಿದು ಕಣಿವೆಯ ಉದ್ದಕ್ಕೂ ಓಡಾಡಿದರು. ಸ್ಕ್ರ್ಯಾಂಟನ್, ವಿಲ್ಕ್ಸ್-ಬ್ಯಾರಿ, ಹೇಜಲ್ಟನ್. ಕಾರ್ಡಿನಂಗಡಿ, ಕ್ಷೌರದಂಗಡಿಯ ಮೂಲೆ, ಅಗ್ನಿಶಾಮಕ ಠಾಣೆಯ ಹಾಲ್‌ನಲ್ಲಿ ಭಾನುವಾರ ನಡೆಯುವ ಕಾರ್ಡಿನ ಸಂತೆ. ಎಲ್ಲಿ ಕಂಡರೂ ಮುನ್ನೂರ ತೊಂಬತ್ತೆರಡನ್ನು ಬಾಚಿಕೊಂಡು ಬಂದರು.

"ನಿನ್ನ ಹೊಟ್ಟೇಲಿ ಒಂದೇ ಸಲ ಹುಟ್ಟಿದ್ದು ಕಣೇ ಅವನು," ಎಂದಳು ಡಾಟ್, ಹೇಜಲ್ಟನ್ನಿನ ಬಸ್ಸಿನಲ್ಲಿ ಮಡಿಲ ಮೇಲೆ ಡಬ್ಬಿ ಇಟ್ಟುಕೊಂಡು. "ಎಷ್ಟು ಸಲ ಮನೆಗೆ ಕರ್ಕೊಂಡು ಬರ್ತೀಯಾ?"

"ಪೇಟೇಲಿ ಸಿಗದಿದ್ರೆ ಬೆಲೆ ಏರುತ್ತೆ."

"ಟೆಕ್ಸಸ್‌ನಲ್ಲಿ ಕೂತು ಬೆಲೆ ಬರೆಯೋನಿಗೆ ನಿನ್ನ ಮಂಚದ ಕೆಳಗೇನಿದೆ ಅಂತ ಯಾರು ಹೇಳ್ತಾರೆ? ನೀನು ಫೋನ್ ಮಾಡ್ತೀಯಾ?"

ಅದನ್ನು ಲಿಯೋನಾ ಯೋಚಿಸಿರಲಿಲ್ಲ. ಯೋಚಿಸಿದ ಮೇಲೂ ನಿಲ್ಲಿಸಲಿಲ್ಲ.

ತಂದದ್ದನ್ನು ಇಡುವುದೇ ಒಂದು ವಿದ್ಯೆಯಾಗಿತ್ತು. ಮೊದಮೊದಲು ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದ್ದಳು. ಪ್ರಾಸರ್ ಅದನ್ನು ಕೇಳಿ, ಯಾರದೋ ಕತ್ತು ಹಿಸುಕಿದ ಸುದ್ದಿ ಕೇಳಿದವನಂತೆ ಮುಖ ಮಾಡಿದ. ರಬ್ಬರ್ ಬ್ಯಾಂಡು ಅಂಚು ಕೊರೆಯುತ್ತದೆ. ನೆಲಮಾಳಿಗೆಯಲ್ಲಿ ತೇವ, ಕಾರ್ಡು ಬಿಲ್ಲಿನಂತೆ ಬಾಗುತ್ತದೆ. ಅಟ್ಟದಲ್ಲಿ ಬೇಸಿಗೆಯ ಕಾವಿಗೆ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಕಿಟಕಿಯ ಬಿಸಿಲಿಗೆ ಕೆಂಪು ಬಣ್ಣ ಮೊದಲು ಸಾಯುತ್ತದೆ. ಕಡೆಗೆ ಉಳಿದದ್ದು ವೇನ್‌ನ ಕೋಣೆ, ಅವನ ಮಂಚದ ಕೆಳಗೆ. ಒಂದೊಂದು ಕಾರ್ಡಿಗೂ ತೆಳು ಚೀಲ ತೊಡಿಸಿ, ನಾಲ್ಕೂ ಮೂಲೆಗಳನ್ನು ದೀಪದ ಕೆಳಗೆ ನೋಡಿ, ಚೂಪು ಮೂಲೆಯವನ್ನು ಗಟ್ಟಿ ಕವಚಕ್ಕೆ, ಮೊಂಡು ಮೂಲೆಯವನ್ನು ರಟ್ಟಿನ ಪೆಟ್ಟಿಗೆಗೆ ಹಾಕುತ್ತಿದ್ದಳು. ಮೊಂಡು ಮೂಲೆಯ ವೇನ್‌ಗಳನ್ನು ಕಂಡರೆ ಅವಳಿಗೆ ಸಿಟ್ಟು ಬರುತ್ತಿತ್ತು. ಯಾರ ಮನೆಯ ಮಕ್ಕಳ ಕೈಗೆ ಸಿಕ್ಕಿದ್ದವೋ.

ಬೆಲೆ ಏರಲಿಲ್ಲ. ಸೆಪ್ಟೆಂಬರಿನಲ್ಲಿ ತಂಡ ಅವನನ್ನು ಕೆಳಗಿನ ಲೀಗಿಗೆ ಇಳಿಸಿತು. ಚಳಿಗಾಲದಲ್ಲಿ ಬಲ ಮೊಣಕೈಗೆ ಆಪರೇಷನ್ ಆಯಿತು. ಮಾರನೇ ವರ್ಷ ವಸಂತದ ತಾಲೀಮಿನಲ್ಲಿ ಎರಡು ವಾರ ನೋಡಿ, ಧನ್ಯವಾದ ಹೇಳಿ ಕಳಿಸಿಬಿಟ್ಟರು. ಆ ಹೊತ್ತಿಗೆ ಪ್ರಾಸರನ ಮರದ ಡಬ್ಬದಲ್ಲಾಗಲಿ ಹಿಂದಿನ ಗೋಡೆಯಲ್ಲಾಗಲಿ ವೇನ್ ಇರಲಿಲ್ಲ. ಇದ್ದದ್ದೆಲ್ಲ ಲಿಯೋನಾಳ ಮನೆಯಲ್ಲಿತ್ತು.

ವೇನ್ ಒಂದು ಚೀಲ ಹೆಗಲಿಗೆ ಹಾಕಿಕೊಂಡು ಮನೆಗೆ ಬಂದ. ಒಂದು ವಾರ ಮಲಗಿದ. ಆಮೇಲೆ ಬ್ರೆಡ್ ಕಾರ್ಖಾನೆಯ ವ್ಯಾನ್ ಓಡಿಸುವ ಕೆಲಸ ಹಿಡಿದ. ಬೆಳಗಿನ ಕತ್ತಲಲ್ಲಿ ಶೂ ಹುಡುಕುತ್ತ ಮಂಚದ ಕೆಳಗೆ ಕೈ ಹಾಕಿದವನಿಗೆ ಪೆಟ್ಟಿಗೆ ಸಿಕ್ಕಿತು. ಎಳೆದ. ಇನ್ನೊಂದು. ಮತ್ತೊಂದು.

"ಅಮ್ಮಾ," ಎಂದು ಕೂಗಿದ. "ನನ್ನ ಮಂಚದ ಕೆಳಗೆ ಪೂರ್ತಿ ನಾನೇ ಇದ್ದೀನಲ್ಲ!"

ಲಿಯೋನಾ ಬಾಗಿಲಲ್ಲಿ ಬಂದು ನಿಂತಳು. ಕೈಯಲ್ಲಿ ಕಾಫಿ ಲೋಟವಿತ್ತು. "ಅವನ್ನ ಮುಟ್ಟಬೇಡ, ಕೈ ಜಿಡ್ಡಿದೆ."

"ಯಾಕಮ್ಮಾ ಇಷ್ಟೊಂದು?"

"ಪ್ರಾಸರ್ ನಿನ್ನ ಕೆಳಗಿಳಿಸಿದ."

ವೇನ್ ನಕ್ಕ. ಅವನ ನಗು ಅಪ್ಪನದೇ, ಮೂಗಿನಿಂದ ಬರುತ್ತಿತ್ತು. "ಅವನೆಲ್ಲಿ ಇಳಿಸಿದ? ನನ್ನ ಚೆಂಡು ಇಳಿಸ್ತು. ನೋಡು, ನಾನು ಹತ್ತು ಸೆಂಟಿನ ಚೆಂಡೆಸೆಯೋನು. ಅದರಲ್ಲಿ ಸುಳ್ಳೇನಿಲ್ಲ. ಆದ್ರೆ ಆ ಹತ್ತು ಸೆಂಟಿನ ಪೆಟ್ಟಿಗೆ ಒಳಗೆ ಹೋಗೋಕೆ ಈ ದೇಶದಲ್ಲಿ ಎಷ್ಟು ಲಕ್ಷ ಹುಡುಗರು ಬಡಿದಾಡ್ತಾರೆ ಗೊತ್ತಾ ನಿಂಗೆ? ನನ್ನ ಜೊತೆ ಬಸ್ಸಲ್ಲಿ ಮಲಗಿದೋರಲ್ಲಿ ಕಾರ್ಡಾದೋನು ನಾನೊಬ್ಬನೇ."

"ನೀನು ಎರಡನೇ ಹಲಗೆ ಮೇಲಿದ್ದೆ."

"ಇದ್ದೆ. ಮೂರು ತಿಂಗಳು. ಒಳ್ಳೆ ಗಾಳಿ ಇತ್ತು ಅಲ್ಲಿ." ಪೆಟ್ಟಿಗೆಗಳನ್ನು ಕಾಲಿನಿಂದ ಒಳಕ್ಕೆ ತಳ್ಳಿ ಕೆಲಸಕ್ಕೆ ಹೋದ.

ಅವನಿಗೆ ಬೇಸರವಿಲ್ಲ ಎನ್ನುವುದೇ ಲಿಯೋನಾಗೆ ಬೇಸರವಾಯಿತು. ತನ್ನ ಮಗ ಗಾಜಿನ ಹಿಂದೆ ಇರಬೇಕು. ಊರು ಬಗ್ಗಿ ನೋಡಬೇಕು. ಅವಳಿಗೆ ಬೇಕಾದದ್ದು ಅಷ್ಟೇ. ಅದು ಬಿಟ್ಟು ಬೇರೆ ಮಾತು ಅವಳಿಗೆ ಸಮಾಧಾನದ ಮಾತಾಗಿ ಕೇಳುತ್ತಿತ್ತು, ಸಮಾಧಾನದ ಮಾತೆಂದರೆ ಅವಳಿಗೆ ಆಗುತ್ತಿರಲಿಲ್ಲ.

ಜೂನ್ ತಿಂಗಳ ಮೊದಲ ಶನಿವಾರ ಅವಳು ಅಂಗಡಿಯ ಮುಂದೆ ಬಂದಾಗ ಇನ್ನೂ ಮಧ್ಯಾಹ್ನವಾಗಿರಲಿಲ್ಲ. ಪ್ರಾಸರ್ ಒಳಗಿನಿಂದ ಅವಳನ್ನು ನೋಡಿ, ಎದ್ದು ಬಂದು ಚಿಲಕ ತೆಗೆದ. ಹಿಂದೆಂದೂ ಹಾಗೆ ಮಾಡಿದವನಲ್ಲ.

"ಬನ್ನಿ ಮಿಸೆಸ್ ಸೊಬೋಲ್. ನೀವು ಬೇರೆಯವರ ಬಾಯಿಂದ ಕೇಳೋದು ಬೇಡ." ಬೆಲೆಪತ್ರಿಕೆಯನ್ನು ಅವಳ ಕಡೆ ತಿರುಗಿಸಿದ. ಆ ಸೆಟ್ಟಿನ ಕೆಳಗೆ ಹೆಸರುಗಳ ಸಾಲಿತ್ತು. ಮುನ್ನೂರ ತೊಂಬತ್ತೊಂದು, ಡೆಲ್ ಮಾರ್ಷ್‌ಬ್ಯಾಂಕ್. ಅದಾದ ಮೇಲೆ ನೇರವಾಗಿ ನಾನೂರ ಆರು.

"ಇವನ ಹೆಸರೆಲ್ಲಿ?"

"ಬೆಲೆ ಇರೋರ ಹೆಸರು ಮಾತ್ರ ಹಾಕ್ತಾರೆ. ಉಳಿದೋರನ್ನ 'ಸಾಮಾನ್ಯ ಕಾರ್ಡುಗಳು' ಅಂತ ಒಂದೇ ಸಾಲಲ್ಲಿ ಸೇರಿಸ್ತಾರೆ."

ಲಿಯೋನಾ ಪತ್ರಿಕೆಯನ್ನು ಮುಚ್ಚಿದಳು. ಕೋಟಿನ ಗುಂಡಿ ಹಾಕಿಕೊಂಡಳು. ಆಗ ಪ್ರಾಸರ್ ಗಲ್ಲಾದ ಕೆಳಗಿನಿಂದ ಒಂದು ಗಟ್ಟಿ ಕವಚ ತೆಗೆದ. ಒಳಗೆ ವೇನ್ ಇದ್ದ, ಮೂಲೆಗಳೆಲ್ಲ ಚೂಪು.

"ಮೊನ್ನೆ ಒಂದು ಹಳೇ ಪೊಟ್ಟಣ ಒಡೆದಾಗ ಸಿಕ್ತು. ನಾನು ಯೋಚನೆ ಮಾಡಿದೆ. ನಮ್ಮೂರ ಹುಡುಗ. ಎರಡನೇ ಹಲಗೇಲಿ ಒಂದು ಜಾಗ ಖಾಯಂ ಮಾಡ್ತೀನಿ. ಪತ್ರಿಕೆ ಏನಾದ್ರೂ ಬರೀಲಿ."

ಅವಳು ಅವನ ಮುಖ ನೋಡಿದಳು. ಪಾದ್ರಿಗಳಿಗೇ ಒಪ್ಪದವನು. ಅವನ ಕಿವಿ ಕೆಂಪಗಾಗಿದ್ದವು. ಅವನು ಗಾಜಿನ ಬಾಗಿಲು ಸರಿಸಿ ಕಾರ್ಡನ್ನು ಬಲತುದಿಯಲ್ಲಿ ಒರಗಿಸಿಟ್ಟ. ಲಿಯೋನಾ ಬಾಗಿ ನೋಡಿದಳು. ಮಗ ವಾಪಸ್ ಬಂದಿದ್ದ. ಇಡೀ ಒಂದು ವರ್ಷ ಅವಳು ಬಯಸಿದ್ದು ಇದನ್ನೇ.

ಅಕ್ಕಪಕ್ಕದವರಿಗೆಲ್ಲ ಬಿಳಿ ಚೀಟಿಗಳಿದ್ದವು. ವೇನ್‌ಗೆ ಇರಲಿಲ್ಲ. ಅದನ್ನು ಅವಳು ಗಮನಿಸಿದಳು, ಗಮನಿಸಿಲ್ಲ ಎಂದುಕೊಂಡಳು.

ಪ್ರಾಸರ್ ಚಿಲಕ ಹಾಕುವುದನ್ನು ಮರೆತಿದ್ದ. ಬಾಗಿಲು ತಳ್ಳಿಕೊಂಡು ಹೆರಾಲ್ಡ್ ಬ್ಯಾಂಕಾಸ್ ಒಳಗೆ ಬಂದ, ಕಂಕುಳಲ್ಲಿ ದಪ್ಪ ಆಲ್ಬಮ್ಮು. ಊರಿನ ಸತ್ತವರಿಗೆಲ್ಲ ಸ್ನಾನ ಮಾಡಿಸಿ, ಸೂಟು ತೊಡಿಸಿ, ಪೆಟ್ಟಿಗೆಯಲ್ಲಿ ಮಲಗಿಸಿ ಮಣ್ಣಿಗೆ ಕಳಿಸುವವನು ಅವನೇ. ಲಿಯೋನಾಳ ಗಂಡನನ್ನೂ ಕಳಿಸಿದ್ದು ಅವನೇ. ಆ ಕೆಲಸ ಇಲ್ಲದ ಹೊತ್ತಿನಲ್ಲಿ ಕಾರ್ಡು ಕೂಡಿಸುತ್ತಿದ್ದ. ಬೆಲೆಗೆ ಅವನು ತಲೆ ಕೆಡಿಸಿಕೊಂಡವನಲ್ಲ. ಒಂದು ವರ್ಷದ ಸೆಟ್ಟು ಹಿಡಿದರೆ ಒಂದನೇ ನಂಬರಿನಿಂದ ಕೊನೆಯ ನಂಬರಿನವರೆಗೆ ಒಂದೂ ಬಿಡದೆ ಜೋಡಿಸಬೇಕು. ಅದೂ ಕಣಿವೆಯಲ್ಲೇ ಪೊಟ್ಟಣ ಒಡೆದು, ಕಣಿವೆಯವರ ಕೈಯಿಂದಲೇ ಕೊಂಡು. ಅಂಚೆಯಲ್ಲಿ ತರಿಸಿದ ಸೆಟ್ಟನ್ನು ಅವನು ಮಾರಾಟಕ್ಕಿಟ್ಟ ಪ್ಲಾಸ್ಟಿಕ್ ಹೂವಿನ ಹಾರಕ್ಕೆ ಹೋಲಿಸುತ್ತಿದ್ದ.

"ಪ್ರಾಸರ್, ಹೊಸದಾಗಿ ಪೊಟ್ಟಣ ಒಡೆದ್ಯಂತೆ? ಸಿಕ್ತಾ..." ಎಂದವನು ಲಿಯೋನಾಳನ್ನು ನೋಡಿ ಟೋಪಿ ತೆಗೆದ. "ಓಹ್, ನೀನೂ ಇದ್ದೀಯಾ? ಒಳ್ಳೇದಾಯ್ತು. ನಂಗೆ ನಿನ್ನ ಮಗ ಬೇಕು ಲಿಯೋನಾ."

"ಬಾಯಿ ತೊಳ್ಕೊಂಡು ಬಾ ಹೆರಾಲ್ಡ್! ನಿನ್ನ ಕಸುಬಿಗೆ ಆ ಮಾತು ಒಪ್ಪುತ್ತಾ?"

"ಅಯ್ಯೋ, ಕಾರ್ಡಮ್ಮಾ, ಕಾರ್ಡು! ಇಡೀ ಕಣಿವೆ ಸುತ್ತಿದೀನಿ. ಪೋಪನ್ನಾದ್ರೂ ನೋಡಬಹುದು, ನಿನ್ನ ಮಗ ಸಿಗಲ್ಲ. ಯಾವ ಅಂಗಡಿಗೆ ಹೋದ್ರೂ 'ಇತ್ತು, ಹೋಯ್ತು' ಅಂತಾರೆ." ಆಲ್ಬಮ್ಮನ್ನು ಗಲ್ಲಾದ ಮೇಲೆ ಧಡ್ಡನೆ ಇಟ್ಟು, ಹೆಬ್ಬೆರಳಿಗೆ ಗೊತ್ತಿದ್ದ ಜಾಗದಲ್ಲಿ ತೆರೆದ. "ನೋಡು. ನೀನೇ ನೋಡು."

ಅದು ಒಂಬತ್ತು ಕಿಸೆಯ ಪ್ಲಾಸ್ಟಿಕ್ ಹಾಳೆ. ಮೂರು ಸಾಲು, ಸಾಲಿಗೆ ಮೂವರು. ಸುತ್ತ ಎಂಟು ಮುಖಗಳು ನಗುತ್ತಿದ್ದವು. ನಟ್ಟನಡುವಿನ ಕಿಸೆ ಖಾಲಿ. ಅದರ ಮೂಲಕ ಹಿಂದಿನ ಹಾಳೆಯ ಯಾವನದೋ ಮುಖ ಕಾಣುತ್ತಿತ್ತು.

"ಪುಟ ತಿರುಗಿಸಿದಾಗೆಲ್ಲ ಕಣ್ಣು ಅಲ್ಲಿಗೇ ಹೋಗುತ್ತೆ," ಎಂದ ಬ್ಯಾಂಕಾಸ್. "ಹಲ್ಲು ಬಿದ್ದ ಬಾಯಿಗೆ ನಾಲಿಗೆ ಹೋದ ಹಾಗೆ. ಇವನೊಬ್ಬ ಇಲ್ಲ ಅಂತ ಇದು ಸೆಟ್ಟಲ್ಲ. ಬರೀ ಕಾರ್ಡಿನ ರಾಶಿ."

ಲಿಯೋನಾ ಖಾಲಿ ಕಿಸೆಯನ್ನೇ ನೋಡುತ್ತಿದ್ದಳು. ಆ ತೂತು ತಾನೇ ಕೊರೆದದ್ದು. ಬಸ್ಸು ಹಿಡಿದು ಹೋಗಿ, ದುಡ್ಡು ಕೊಟ್ಟು. ಪ್ರಾಸರ್ ಚಾವಣಿಯ ಕಡೆ ನೋಡುತ್ತಿದ್ದ.

"ಪಕ್ಕದವನು ಯಾರು?" ಎಂದಳು.

"ಎಡಕ್ಕಾ? ಮಾರ್ಷ್‌ಬ್ಯಾಂಕ್."

"ಮೇಲಿನ ಹಲಗೆಯವನಾ? ಅವನೂ ಇದೇ ಸೈಜಿನ ಕಿಸೇಲಿದ್ದಾನಲ್ಲ."

"ಮತ್ತೆ? ಅವನಿಗೇನು ಸೋಫಾ ಹಾಕಲಾ? ನನ್ನ ಪುಸ್ತಕದಲ್ಲಿ ಎಲ್ಲರಿಗೂ ಒಂದೇ ಕಿಸೆ. ಮಾರ್ಷ್‌ಬ್ಯಾಂಕ್ ಇಲ್ಲದಿದ್ರೂ ತೂತು, ವೇನ್ ಇಲ್ಲದಿದ್ರೂ ತೂತು. ತೂತಲ್ಲಿ ದೊಡ್ಡದು ಚಿಕ್ಕದು ಇರಲ್ಲ." ಅಷ್ಟು ಹೇಳುವಾಗ ಬ್ಯಾಂಕಾಸನ ಕಣ್ಣು ಗಾಜಿನ ಕಪಾಟಿನ ಮೇಲೆ ಬಿತ್ತು. ಬಾಯಿ ತೆರೆದೇ ಉಳಿಯಿತು. "ಅಲ್ಲೇ ಇದ್ದಾನಲ್ಲೋ! ಪ್ರಾಸರ್! ಎಷ್ಟು?"

"ಅದು ಮಾರಾಟಕ್ಕಿಲ್ಲ."

"ಅಂಗಡೀಲಿಟ್ಟು ಮಾರಾಟಕ್ಕಿಲ್ಲ ಅಂದ್ರೆ? ಚೀಟಿ ಎಲ್ಲಿ?"

"ಚೀಟಿ ಇಲ್ಲ. ಅದು..." ಪ್ರಾಸರನ ಕಿವಿ ಮತ್ತೆ ಕೆಂಪಾದವು. "ಅದು ಗೌರವಕ್ಕೆ ಇಟ್ಟದ್ದು."

"ಗೌರವಕ್ಕಾ?" ಬ್ಯಾಂಕಾಸ್ ಕೈ ಕೊಡವಿದ. "ಗೌರವಕ್ಕೆ ಇಡೋದು ನನ್ನ ಅಂಗಡೀಲಿ ಮಾರಾಯ. ಹೆಣದ ಪೆಟ್ಟಿಗೆ ಮುಚ್ಚಳ ತೆಗೆದು, ದೀಪ ಹಾಕಿ, ಬಂದೋರು ಬಗ್ಗಿ ನೋಡ್ಕೊಂಡು ಹೋಗ್ಲಿ ಅಂತ. ಆ ಹುಡುಗ ಇವತ್ತು ಬೆಳಿಗ್ಗೆ ನಮ್ಮನೇಗೆ ರೈ ಬ್ರೆಡ್ ಕೊಟ್ಟು ಹೋದ, ಚೆನ್ನಾಗೇ ಇದ್ದ!"

ತಾನು ಏನಂದೆ ಎನ್ನುವುದು ಬ್ಯಾಂಕಾಸನಿಗೆ ಆಮೇಲೆ ಹೊಳೆದು, ಟೋಪಿಯನ್ನು ಎದೆಗೆ ಒತ್ತಿಕೊಂಡ.

ಲಿಯೋನಾ ಕಪಾಟಿನ ಕಡೆ ತಿರುಗಿದಳು. ಗಾಜು, ಒಳಗೆ ಸಣ್ಣ ದೀಪ, ಅಲುಗಾಡದೆ ನಿಂತ ಮಗ. ಹಿಂದೆ ಅವನ ಪಕ್ಕ ಚೀಟಿ ಇತ್ತು. ಆರು ಡಾಲರ್ ಕೊಟ್ಟರೆ ಯಾರಾದರೂ ಮನೆಗೆ ಕರೆದುಕೊಂಡು ಹೋಗಬಹುದಿತ್ತು, ಬೇಕು ಎಂದು ಯಾರೋ ಕೇಳುತ್ತಿದ್ದರು, ಅದಕ್ಕೇ ಅವನು ಅಲ್ಲಿದ್ದ. ಈಗ ಯಾರೂ ಕೇಳುವ ಹಾಗಿಲ್ಲ. ಕೇಳುತ್ತ ಬಂದಿರುವ ಒಬ್ಬನಿಗೂ ಇಲ್ಲ ಎನ್ನಬೇಕು.

"ಅದನ್ನ ತೆಗೀರಿ," ಎಂದಳು.

"ಮಿಸೆಸ್ ಸೊಬೋಲ್, ಹೆರಾಲ್ಡ್ ಬಾಯಿಗೆ ಬಂದದ್ದು ಮಾತಾಡ್ತಾನೆ. ನೀವು ಮನಸ್ಸಿಗೆ..."

"ಪಾದ್ರಿಗಳು ಕೇಳಿದಾಗ ನೀವು ಆಗಲ್ಲ ಅಂದ್ರಿ. ನಂಗೆ ಮಾತ್ರ ಯಾಕೆ ಆಗುತ್ತೆ? ನನ್ನ ಮಗ ದಾನದ ಮೇಲೆ ಎಲ್ಲೂ ಕೂತೋನಲ್ಲ. ಅವನ ಜಾಗ ಯಾವುದೋ ಅಲ್ಲಿ ಹಾಕಿ."

"ಹತ್ತು ಸೆಂಟಿನ ಪೆಟ್ಟಿಗೇಲಾ?"

"ಪೆಟ್ಟಿಗೇಲಿ ಅವನ ನಂಬರ್ ಇದೆಯಲ್ಲ. ನಂಬರ್ ಏರಲ್ಲ, ಇಳಿಯಲ್ಲ." ಗಲ್ಲಾದ ಮೇಲಿನ ಫೋನನ್ನು ತನ್ನ ಕಡೆ ಎಳೆದುಕೊಂಡಳು. "ಹೆರಾಲ್ಡ್, ಹೋಗಬೇಡ. ಕೂತಿರು. ಒಳ್ಳೆ ಮೂಲೆಯವನು ಬೇಕಾ, ಏನಾದ್ರೂ ಆಗುತ್ತಾ?"

"ಒಳ್ಳೆ ಮೂಲೆ ಅಂದ್ರೆ... ಎಷ್ಟಿವೆ ನಿನ್ನ ಹತ್ರ?"

"ಮಾತಾಡದೆ ಕೂತ್ಕೋ ಅಂದೆ."

ಅವಳು ಮನೆಗೆ ಫೋನ್ ಮಾಡಿದ ಅರ್ಧ ಗಂಟೆಗೆ ಬ್ರೆಡ್ ವ್ಯಾನ್ ಅಂಗಡಿಯ ಮುಂದೆ ನಿಂತಿತು. ವೇನ್ ಮಂಚದ ಕೆಳಗಿನ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿ ಎಡಗೈಯಲ್ಲಿ ಹೊತ್ತು ತಂದ, ಬಲಗೈ ಇನ್ನೂ ಭಾರಕ್ಕೆ ಆಗುತ್ತಿರಲಿಲ್ಲ. ಹಿಂದೆಯೇ ಡಾಟ್ ಬಂದಳು. ಇಂಥದ್ದನ್ನು ತಪ್ಪಿಸಿಕೊಳ್ಳುವವಳಲ್ಲ ಅವಳು. ಲಿಯೋನಾ ಮುಚ್ಚಳ ತೆರೆದಾಗ ಬ್ಯಾಂಕಾಸ್ ಶಿಲುಬೆಯ ಗುರುತು ಮಾಡಿಕೊಂಡ.

"ನೀನಾ? ನೀನೇನಾ ಇಷ್ಟು ದಿನ..."

"ಇವಳೇ," ಎಂದಳು ಡಾಟ್. "ಜೊತೆಗೆ ನಾನು. ಬಸ್ ಚಾರ್ಜು ನಂದೇ."

"ನಾನು ಹೇಜಲ್ಟನ್ ತನಕ ಹೋಗಿದ್ದೆ ಕಣಮ್ಮಾ! ಶವದ ಗಾಡೀಲಿ!"

"ನಾವು ನಿನಗಿಂತ ಮುಂಚೆ ಹೋಗಿದ್ವಿ," ಎಂದಳು ಲಿಯೋನಾ. ಗಟ್ಟಿ ಕವಚದವನ್ನು ಬೇರೆ ಮಾಡಿ, ಕಿಟಕಿಯ ಬೆಳಕಿಗೆ ಹಿಡಿದು ಒಂದೊಂದನ್ನೇ ನೋಡಿದಳು. ಒಂದರ ಮೇಲಂಚು ಸ್ವಲ್ಪ ಕಿರಿದು, ಪಕ್ಕಕ್ಕಿಟ್ಟಳು. ಇನ್ನೊಂದರಲ್ಲಿ ಚಿತ್ರ ಎಡಕ್ಕೆ ವಾಲಿತ್ತು. ಕಡೆಗೆ ಒಂದನ್ನು ಆರಿಸಿ, ಕವಚದಿಂದ ಜಾರಿಸಿ, ಅಂಚನ್ನಷ್ಟೇ ಹಿಡಿದುಕೊಂಡಳು. "ತಗೋ. ಇದಕ್ಕಿಂತ ಚೆನ್ನಾಗಿರೋ ವೇನ್ ಎಲ್ಲೂ ಇಲ್ಲ."

"ಇಲ್ಲೇ ನಿಂತಿದ್ದೀನಮ್ಮಾ," ಎಂದ ವೇನ್.

"ನಿನ್ನ ಮೂಲೆ ಮೊಂಡಾಗಿವೆ, ಸುಮ್ನಿರು."

ಬ್ಯಾಂಕಾಸ್ ಜೇಬಿನಿಂದ ಐದು ಡಾಲರಿನ ನೋಟು ತೆಗೆದ. ಲಿಯೋನಾ ಅದನ್ನು ನೋಡಲೂ ಇಲ್ಲ. "ಪ್ರಾಸರಿಗೆ ಕೊಡು. ಹತ್ತು ಸೆಂಟು. ಇವೆಲ್ಲ ಈಗ ಅವರ ಪೆಟ್ಟಿಗೆಯವು."

"ಅಷ್ಟೂ ಅಲ್ಲಿಗೆ ಹಾಕ್ತೀರಾ?" ಪ್ರಾಸರ್ ಕೇಳಿದ. "ನೀವು ಕೊಟ್ಟ ದುಡ್ಡು ವಾಪಸ್ ಬರಲ್ಲ."

"ಬರಲಿ ಅಂತ ಕೊಟ್ಟಿರಲಿಲ್ಲ. ಕಣಿವೇಲಿ ಇನ್ನೂ ಎಷ್ಟು ಜನರ ಪುಸ್ತಕದಲ್ಲಿ ನಡುವೆ ತೂತಿದೆಯೋ. ಬರಲಿ, ತಗೊಂಡು ಹೋಗ್ಲಿ. ನಮ್ಮನೇಲಿ ಒಂದು ಇರುತ್ತೆ, ಸಾಕು."

ಬ್ಯಾಂಕಾಸ್ ಆಲ್ಬಮ್ಮನ್ನು ಅವಳ ಮುಂದೆ ಸರಿಸಿದ. ಲಿಯೋನಾ ಹಾಳೆಯನ್ನು ಸ್ವಲ್ಪ ಬಾಗಿಸಿ, ನಡುವಿನ ಕಿಸೆಯ ಬಾಯಿ ತೆರೆದು, ಕಾರ್ಡನ್ನು ಮೆಲ್ಲಗೆ ಇಳಿಸಿದಳು. ಮೂಲೆ ತಾಕಲಿಲ್ಲ. ಒಂಬತ್ತು ಜನವೂ ಸಾಲಾಗಿ ನಿಂತರು. ವೇನ್ ಅಭ್ಯಾಸಬಲದಿಂದ ಅಂಗಿಯ ಜೇಬಿನ ಪೆನ್ನು ತೆಗೆದು ಕೈ ಚಾಚಿದ.

ಬ್ಯಾಂಕಾಸ್ ಎರಡೂ ಕೈಯಿಂದ ಹಾಳೆಯನ್ನು ಮುಚ್ಚಿಕೊಂಡ. "ಏಯ್, ಸಹಿ ಗಿಹಿ ಬೇಡಪ್ಪ! ಸೆಟ್ಟು ಕೆಟ್ಟುಹೋಗುತ್ತೆ. ಎಲ್ಲರ ಹಾಗೆ ಇರು."

ವೇನ್ ಪೆನ್ನು ಒಳ ಹಾಕಿ, ಮೂಗಿನಿಂದ ನಕ್ಕ. ಪ್ರಾಸರ್ ಅಷ್ಟರಲ್ಲಿ ಗೋಡೆಯ ಪೆಟ್ಟಿಗೆಯೊಂದನ್ನು ಇಳಿಸಿ, ಮುನ್ನೂರ ತೊಂಬತ್ತರ ಹಿಂದೆ ಜಾಗ ಮಾಡುತ್ತಿದ್ದ. ಒಂದೇ ಪೆಟ್ಟಿಗೆಯಲ್ಲಿ ಹಿಡಿಸಲಿಲ್ಲ, ಇನ್ನೊಂದನ್ನು ಬಿಚ್ಚಬೇಕಾಯಿತು. ಕಪಾಟಿನ ಬಲತುದಿಯ ಖಾಲಿ ಜಾಗವನ್ನು ತುಂಬಲು ಈ ತಿಂಗಳು ಯಾರೋ ಒಬ್ಬ ಐದು ಡಾಲರ್ ದಾಟಿದ್ದ, ಅವನು ಗಲ್ಲಾದ ಮೇಲೆ ಕಾಯುತ್ತ ಬಿದ್ದಿದ್ದ. ಲಿಯೋನಾ ಆ ಕಡೆ ನೋಡಲಿಲ್ಲ.

ಬ್ಯಾಂಕಾಸ್ ಆಲ್ಬಮ್ಮು ಮುಚ್ಚಿ ಕಂಕುಳಿಗೆ ಸೇರಿಸಲು ಹೊರಟ.

"ಎಲ್ಲಿಗೆ? ತೆಗಿ ಅದನ್ನ," ಎಂದಳು ಲಿಯೋನಾ. "ಮೊದಲಿಂದ ತೋರಿಸು. ಒಂದನೇ ನಂಬರಿಂದ."

"ಎಲ್ಲಾನಾ? ನಿನಗೆ ಇವರಲ್ಲಿ ಒಬ್ಬನ ಹೆಸರೂ ಗೊತ್ತಿಲ್ಲ."

"ನನ್ನ ಮಗನ ಜೊತೆ ಇರೋರು ಯಾರ್ಯಾರು ಅಂತ ನೋಡಬಾರದಾ?"

ಬ್ಯಾಂಕಾಸ್ ತೆರೆದ. ಪ್ರಾಸರ್ ಕುರ್ಚಿ ತಂದಿಟ್ಟ, ಅವಳು ಕೂರಲಿಲ್ಲ. ನೀಲಿ ಕೋಟಿನಲ್ಲಿ ನೆಟ್ಟಗೆ ನಿಂತು, ಒಂದೊಂದು ಹಾಳೆಯನ್ನೂ ತಾನೇ ತಿರುಗಿಸುತ್ತ, ಗೊತ್ತಿಲ್ಲದ ಮುಖಗಳಿಗೆಲ್ಲ ಸಣ್ಣಗೆ ತಲೆಯಾಡಿಸುತ್ತ ಹೋದಳು. ಒಬ್ಬನಿಗೆ ಮೀಸೆ ಒಪ್ಪುವುದಿಲ್ಲ ಎಂದಳು. ಇನ್ನೊಬ್ಬನಿಗೆ ಹೊಟ್ಟೆ ತುಂಬ ಊಟ ಹಾಕುವವರಿಲ್ಲ ಎಂದಳು. ಡಾಟ್ ಆಕಳಿಸಿದಳು. ವೇನ್ ವ್ಯಾನಿನಿಂದ ಒಂದು ಬ್ರೆಡ್ ತಂದು ಮುರಿದು ಎಲ್ಲರಿಗೂ ಕೊಟ್ಟ, ಆಲ್ಬಮ್ಮಿನ ಹತ್ತಿರ ತಿನ್ನಬಾರದೆಂದು ಬ್ಯಾಂಕಾಸ್ ಬೈದ.

ಆ ಹಾಳೆ ಬಂತು. ಲಿಯೋನಾ ಅಂಗೈಯನ್ನು ಅದರ ಅಂಚಿನ ಮೇಲಿಟ್ಟು ನಿಂತುಬಿಟ್ಟಳು.

"ಮುಂದೆ ಇನ್ನೂ ಜನ ಇದ್ದಾರೆ ಲಿಯೋನಾ," ಎಂದ ಬ್ಯಾಂಕಾಸ್, ಸ್ವಲ್ಪ ಹೊತ್ತಿನ ಮೇಲೆ.

"ಕಾಯ್ಲಿ ಬಿಡು," ಎಂದಳು.